ಕ್ಯಾಮೆಲ್ ರೂಟ್‌ಗೆ ನುಸುಳುವ ಹೆಡರ್‌ಗಳನ್ನು ಬಾಗಿಲಲ್ಲೇ ತಡೆಯುವ ಬಗೆ

ಬೇರೆ ಬೇರೆ ತಂತ್ರಾಂಶಗಳ ನಡುವೆ ಸಂದೇಶ ಸಾಗಿಸುವ ಅಪಾಚೆ ಕ್ಯಾಮೆಲ್‌ನ ಒಂದೇ ರೂಟ್‌ನಿಂದ (ಸಂದೇಶ ಸಾಗುವ ದಾರಿಯಿಂದ) ಎರಡು ಕಡೆಗೆ ಎಚ್‌ಟಿಟಿಪಿ ಕರೆ ಮಾಡಿದವರಿಗೆ ಇದು ಗೊತ್ತಿರುತ್ತದೆ: ಕರೆ ಎಲ್ಲಿಗೋ ಹೋಗಿ 404 ಹೊತ್ತು ತರುತ್ತದೆ. ಒಳಬಂದ ವಿನಂತಿಯ ‘ಕ್ಯಾಮೆಲ್‌ಎಚ್‌ಟಿಟಿಪಿಪಾತ್’ ಹೆಡರ್ (ಸಂದೇಶದ ಜೊತೆ ಸಾಗುವ ಹೆಸರು-ಮೌಲ್ಯದ ಜೋಡಿ) ಅಳಿಯದೆ ಉಳಿದು ಮುಂದಿನ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ನಾವು ಗೊಣಗುತ್ತ ಹೆಡರ್ ತೆಗೆಯುವ ‘ರಿಮೂವ್‌ಹೆಡರ್ಸ್’ ಸೇರಿಸಿ ಮುಂದೆ ಸಾಗುತ್ತೇವೆ. ಆದರೆ ಈ ಕಿರಿಕಿರಿಯ ಬೇರು ಆಳದಲ್ಲಿದೆ. ಹೊರಗಿನವರು ಕಳಿಸಿದ ಹೆಡರ್ ಮತ್ತು ಕಾಂಪೊನೆಂಟ್‌ಗೆ (ಎಚ್‌ಟಿಟಿಪಿ, ಡೇಟಾಬೇಸ್‌ನಂಥ ಒಂದೊಂದು ಕೆಲಸ ನೋಡಿಕೊಳ್ಳುವ ಭಾಗಕ್ಕೆ) ಕೊಡುವ ಆಜ್ಞೆ, ಎರಡೂ ಕ್ಯಾಮೆಲ್‌ನಲ್ಲಿ ಒಂದೇ ಮ್ಯಾಪ್‌ನಲ್ಲಿ, ಅಂದರೆ ಹೆಸರು-ಮೌಲ್ಯಗಳ ಒಂದೇ ಪಟ್ಟಿಯಲ್ಲಿ, ಕೂರುತ್ತವೆ.

2025ರ ಮಾರ್ಚ್‌ನಲ್ಲಿ ಬಯಲಾದ ಭದ್ರತಾ ದೋಷ ಸಿವಿಇ-2025-27636 (ಸಿವಿಇ ಎಂದರೆ ಇಂಥ ದೋಷಗಳಿಗೆ ಕೊಡುವ ಸಾರ್ವಜನಿಕ ಗುರುತು) ಇದರದ್ದೇ ಫಲ. ಒಳಬರುವ ಹೆಡರ್‌ಗಳನ್ನು ಸೋಸುವ ಡಿಫಾಲ್ಟ್ ಫಿಲ್ಟರ್, ಹೆಸರಿನ ಆರಂಭದಲ್ಲಿ ‘ಕ್ಯಾಮೆಲ್’ ಎಂಬ ಇಂಗ್ಲಿಷ್ ಪದವಿದ್ದರೆ ತಡೆಯುತ್ತಿತ್ತು, ಆದರೆ ಎರಡೇ ರೂಪಗಳಲ್ಲಿ: ಮೊದಲ ಅಕ್ಷರ ಮಾತ್ರ ದೊಡ್ಡದು, ಇಲ್ಲವೇ ಎಲ್ಲವೂ ಸಣ್ಣವು. ಮೊದಲ ಎರಡಕ್ಷರವನ್ನೂ ದೊಡ್ಡದಾಗಿ ಬರೆದರೆ ಫಿಲ್ಟರ್‌ಗೆ ಅದು ಅಪರಿಚಿತ ಹೆಸರು. ಒಳಗಿನ ಮ್ಯಾಪ್ ಮಾತ್ರ ದೊಡ್ಡಕ್ಷರ, ಸಣ್ಣಕ್ಷರ ನೋಡುವುದಿಲ್ಲ. ಕಾಂಪೊನೆಂಟ್ ಕೇಳಿದಾಗ ಅದೇ ಹೆಡರನ್ನು ನಿಷ್ಠೆಯಿಂದ ಎತ್ತಿಕೊಡುತ್ತದೆ. ಕೆಲವೇ ದಿನಗಳಲ್ಲಿ ಸಿವಿಇ-2025-29891 ಬಂತು: ಅದೇ ದಾಳಿ, ಈ ಸಲ ಯುಆರ್‌ಎಲ್‌ನ ಕ್ವೆರಿ ಪ್ಯಾರಾಮೀಟರ್ ಮೂಲಕ, ಏಕೆಂದರೆ ಅವೂ ಹೆಡರ್‌ಗಳಾಗಿಯೇ ಒಳಬರುತ್ತವೆ. ನಾವು ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರುತ್ತಾರೆ. ವೆಬ್ ಫೈರ್‌ವಾಲ್‌ನಲ್ಲಿ ಹೆಡರ್‌ಗಷ್ಟೇ ನಿಯಮ ಬರೆದು ನಿಶ್ಚಿಂತರಾದವರು ಇದನ್ನು ಗಮನಿಸಬೇಕು.

ಮೊದಲು ಆವೃತ್ತಿ. ಬಿಲ್ಡ್ ಸಾಧನವಾದ ಮೇವನ್‌ನ ಡಿಪೆಂಡೆನ್ಸಿ ಟ್ರೀ (ಬಳಕೆಯಲ್ಲಿರುವ ಎಲ್ಲ ಲೈಬ್ರರಿಗಳ ಪಟ್ಟಿ) ತೆಗೆದು ನಿಜವಾಗಿ ಯಾವ ಕ್ಯಾಮೆಲ್ ಬರುತ್ತಿದೆ ನೋಡಿ. ಮೇವನ್‌ನ ಸಂರಚನೆ ಇರುವ ಪಾಮ್ ಫೈಲ್‌ನಲ್ಲಿ ಬರೆದದ್ದನ್ನು ನಂಬಬೇಡಿ. 3.22.4, 4.8.5, 4.10.2ರಲ್ಲಿ ಇವೆರಡಕ್ಕೂ ಪರಿಹಾರವಿದೆ. ಎಚ್‌ಟಿಟಿಪಿ ವಿನಂತಿ ಸ್ವೀಕರಿಸುವ ಅಂಡರ್‌ಟೋ ಕಾಂಪೊನೆಂಟ್ ಬಳಸುವವರಿಗೆ ಅಷ್ಟು ಸಾಲದು, 4.8.6 ಅಥವಾ 4.10.3 ಬೇಕು.

ಆಮೇಲೆ ರೂಟ್‌ಗಳನ್ನು ಹುಡುಕಿ. ಹೊರಗಿನ ವಿನಂತಿ ಸ್ವೀಕರಿಸುವ ಸರ್ವ್‌ಲೆಟ್, ಜೆಟ್ಟಿ, ಪ್ಲಾಟ್‌ಫಾರ್ಮ್-ಎಚ್‌ಟಿಟಿಪಿಯಿಂದ ಶುರುವಾಗಿ ಎಲ್ಲಿಗೆ ಮುಟ್ಟುತ್ತವೆ ಎಂಬುದೇ ಮುಖ್ಯ. ನಾನು ಮೊದಲು ನೋಡುವುದು ಸರ್ವರ್‌ನಲ್ಲಿ ಪ್ರೋಗ್ರಾಂ ಓಡಿಸುವ ಎಕ್ಸೆಕ್ ಕಾಂಪೊನೆಂಟ್: ‘ಕ್ಯಾಮೆಲ್‌ಎಕ್ಸೆಕ್‌ಕಮಾಂಡ್‌ಎಕ್ಸಿಕ್ಯೂಟಬಲ್’ ಹೆಡರ್ ಇದ್ದರೆ ನೀವು ಬರೆದ ಪ್ರೋಗ್ರಾಂ ಬದಲು ಅದರಲ್ಲಿರುವುದು ಓಡುತ್ತದೆ. ಎಸ್‌ಕ್ಯೂಎಲ್ ಕಾಂಪೊನೆಂಟ್‌ನಲ್ಲಿ ‘ಕ್ಯಾಮೆಲ್‌ಎಸ್‌ಕ್ಯೂಎಲ್‌ಕ್ವೆರಿ’ ನಿಮ್ಮ ಕ್ವೆರಿಯನ್ನು ಬದಿಗೊತ್ತುತ್ತದೆ. ಬೀನ್‌ನಲ್ಲಿ (ನಿಮ್ಮ ಜಾವಾ ಆಬ್ಜೆಕ್ಟ್‌ನ ಮೆಥಡ್ ಕರೆಯುವ ಕಾಂಪೊನೆಂಟ್‌ನಲ್ಲಿ) ಮೆಥಡ್ ಹೆಸರು ಬದಲಾಗುತ್ತದೆ. ದಾಳಿಕೋರ ಅದೇ ಬೀನ್‌ನೊಳಗಿನ ಮೆಥಡ್‌ಗಳನ್ನಷ್ಟೇ ಕರೆಯಬಲ್ಲ ಎಂಬುದು ಸಮಾಧಾನ, ಆದರೆ ಆ ಬೀನ್‌ನಲ್ಲಿ ‘ಅಳಿಸು’ ಎಂಬ ಮೆಥಡ್ ಇದ್ದರೆ ಯಾವ ಸಮಾಧಾನ? ಎಂಡ್‌ಪಾಯಿಂಟ್‌ನಲ್ಲೇ (ರೂಟ್‌ನಲ್ಲಿ ಕಾಂಪೊನೆಂಟನ್ನು ಕರೆಯುವ ವಿಳಾಸದಲ್ಲೇ) ಮೆಥಡ್ ಹೆಸರು ಬರೆದಿದ್ದೇನೆ ಎಂದು ನಿಶ್ಚಿಂತರಾಗಬೇಡಿ.

ಆವೃತ್ತಿ ಏರಿಸಿದ ಮೇಲೂ ರೂಟ್ ಶುರುವಾಗುವ ‘ಫ್ರಮ್’ ಮುಗಿದ ಮರುಸಾಲಿನಲ್ಲೇ ಹೆಡರ್‌ಗಳನ್ನು ತೊಳೆಯಿರಿ. ಎರಡು ದಾರಿಗಳಿವೆ. ಕೆಟ್ಟದ್ದನ್ನು ಹೆಸರಿಸಿ ತೆಗೆಯುವುದು ಒಂದು. ಹಾಗಾದರೆ ಅಕ್ಷರಭೇದ ನೋಡದ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆಯಿರಿ. ನಾನು ಎರಡನೆಯದರ ಪಕ್ಷ: ‘ರಿಮೂವ್‌ಹೆಡರ್ಸ್’ಗೆ ಮೊದಲು ನಕ್ಷತ್ರ ಚಿಹ್ನೆ ಕೊಟ್ಟು ಎಲ್ಲವನ್ನೂ ತೆಗೆಯಲು ಹೇಳಿ, ನಂತರ ಉಳಿಸಬೇಕಾದ ಹೆಸರುಗಳನ್ನು ವಿನಾಯಿತಿಯಾಗಿ ಕೊಡಿ. ಒಂದು ಎಚ್ಚರಿಕೆ. ಎಚ್‌ಟಿಟಿಪಿ ಸೇವೆಗಳನ್ನು ಬರೆಯುವ ಕ್ಯಾಮೆಲ್‌ನ ರೆಸ್ಟ್ ಡಿಎಸ್‌ಎಲ್‌ನಲ್ಲಿ ವಿಳಾಸದೊಳಗಿನ ಐಡಿಯಂಥ ಮೌಲ್ಯಗಳೂ ಹೆಡರ್‌ಗಳಾಗಿಯೇ ಬರುತ್ತವೆ, ಅವನ್ನು ಮರೆತರೆ ರೂಟ್ ಖಾಲಿ ಐಡಿಯೊಂದಿಗೆ ಓಡುತ್ತದೆ.

ಸ್ವಂತ ಹೆಡರ್ ಫಿಲ್ಟರ್ ಸ್ಟ್ರಾಟಜಿ (ಯಾವ ಹೆಡರ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನಿರ್ಧರಿಸುವ ಕೋಡ್) ಬರೆದಿದ್ದರೆ ಅದನ್ನು ತೆರೆದು ನೋಡಲೇಬೇಕು. ಅದರಲ್ಲಿ ಒಳಬರುವ, ಹೊರಹೋಗುವ ದಿಕ್ಕುಗಳಿಗೆ ಬೇರೆ ಬೇರೆ ನಿಯಮಗಳು. ಅಂಡರ್‌ಟೋದ ದೋಷ, ಸಿವಿಇ-2025-30177, ಇಲ್ಲಿಯೇ ಇತ್ತು: ಹೊರಹೋಗುವುದನ್ನು ಸೋಸುತ್ತಿತ್ತು, ಒಳಬರುವುದನ್ನು ಬಿಟ್ಟಿತ್ತು.

ಕೊನೆಗೆ ಪರೀಕ್ಷೆ, ನಿಮ್ಮದೇ ಪರೀಕ್ಷಾ ಪರಿಸರದಲ್ಲಿ. ತೊಳೆಯುವ ಸಾಲಿನ ನಂತರ ಹೆಡರ್ ತೋರಿಸುವ ಲಾಗ್ ಎಂಡ್‌ಪಾಯಿಂಟ್ ಇಡಿ. ಕಮಾಂಡ್ ಸಾಲಿನಿಂದ ವಿನಂತಿ ಕಳಿಸುವ ಕರ್ಲ್‌ನಿಂದ ಅಕ್ಷರ ಅಡ್ಡಾದಿಡ್ಡಿಯಾಗಿಸಿದ ನಿರುಪದ್ರವಿ ಕ್ಯಾಮೆಲ್ ಹೆಡರ್ ಒಂದನ್ನು ಕಳಿಸಿ. ಅದನ್ನೇ ಕ್ವೆರಿ ಪ್ಯಾರಾಮೀಟರ್ ಆಗಿ ಮತ್ತೊಮ್ಮೆ ಕಳಿಸಿ. ಲಾಗ್‌ನಲ್ಲಿ ಅದು ಒಂದು ಸಲವೂ ಕಾಣಿಸಬಾರದು. ಇದನ್ನು ಯುನಿಟ್ ಟೆಸ್ಟ್ ಆಗಿಯೂ ಬರೆದಿಡಿ, ನಾಳೆ ಯಾರಾದರೂ ಆ ‘ಅನಗತ್ಯ’ ಸಾಲನ್ನು ಅಳಿಸಿದರೆ ಬಿಲ್ಡ್ ಬೀಳುತ್ತದೆ.