ಬಾಗಿಲು ತೆರೆಯದೆಯೂ ನೀರು ಕೊಡಬಹುದು

ನನ್ನ ಓರಗಿತ್ತಿಯ ಬಳೆಗಳಿಗೆ ಕೇಡು ಬಂದದ್ದು ನಡುರಾತ್ರಿಯಲ್ಲ, ಮಟಮಟ ಮಧ್ಯಾಹ್ನ. ಯಾರೂ ಬೀಗ ಮುರಿಯಲಿಲ್ಲ, ಕಿಟಕಿಯ ಸರಳು ಬಗ್ಗಿಸಲಿಲ್ಲ. ಅವಳೇ ಗ್ರಿಲ್ ತೆರೆದು, ಫ್ಯಾನ್ ಹಾಕಿ, ಬಂದ ಇಬ್ಬರಿಗೂ ಮಜ್ಜಿಗೆ ಕೊಟ್ಟು, ಕೈಯಿಂದ ಬಳೆ ಬಿಚ್ಚಿಕೊಟ್ಟಳು.

ಬಂದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹುಡುಗರು. ಪಾತ್ರೆ ತೊಳೆಯುವ ಹೊಸ ಪುಡಿ, ಪ್ರಚಾರಕ್ಕೆ ಬಂದಿದ್ದೇವೆ, ಕಾಸು ಬೇಡ ಎಂದರಂತೆ. ಮೊದಲು ದೇವರ ಮನೆಯ ಹಿತ್ತಾಳೆ ದೀಪ ಕೇಳಿ ಉಜ್ಜಿದರು. ಹುಣಸೆಹಣ್ಣು ಹಾಕಿ ಅರ್ಧ ಗಂಟೆ ತಿಕ್ಕಿದರೂ ಬಾರದ ಹೊಳಪು ಎರಡೇ ನಿಮಿಷದಲ್ಲಿ ಬಂತು. ಆಮೇಲೆ ಬೆಳ್ಳಿಯ ಕುಂಕುಮದ ಭರಣಿ. ಅದೂ ಫಳಫಳ. ಮೂರನೆಯದಾಗಿ, "ಅಮ್ಮಾ, ಬಳೆ ಮಂಕಾಗಿದೆಯಲ್ಲ" ಎಂದರು. ಬಳೆಗಳನ್ನು ತಮ್ಮ ಡಬ್ಬಿಯ ನೀರಿನಲ್ಲಿ ಅದ್ದಿ, ಬ್ರಷ್ ಆಡಿಸಿ, ಬಳಿಕ ಅವಳದೇ ಪಾತ್ರೆಯಲ್ಲಿ ಅರಿಸಿನದ ನೀರಿಗೆ ಹಾಕಿ ಒಲೆಯ ಮೇಲೆ ಇಡಿಸಿದರು. 15 ನಿಮಿಷ ಮುಚ್ಚಳ ತೆಗೆಯಬಾರದು, ತೆಗೆದರೆ ಬಣ್ಣ ಕೂರುವುದಿಲ್ಲ ಎಂದು ಹೇಳಿ ಹೊರಟರು. ಮುಚ್ಚಳ ತೆಗೆದಾಗ ಬಳೆಗಳು ಅಲ್ಲೇ ಇದ್ದವು. ಸಂಜೆ ಕೈಗೆ ಹಗುರ ಎನ್ನಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟರೆ, 24 ಗ್ರಾಂ ಇದ್ದದ್ದು 17 ಆಗಿತ್ತು.

ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳನ್ನು ಬೆರೆಸಿದರೆ ಆ ದ್ರಾವಣ ಚಿನ್ನವನ್ನೂ ಕರಗಿಸುತ್ತದೆ. ಕರಗಿದ ಚಿನ್ನ ಅವರ ಡಬ್ಬಿಯಲ್ಲಿ ಹೋಯಿತು. ಅರಿಸಿನದ ನೀರು, ಒಲೆ, ಮುಚ್ಚಳ ಎಲ್ಲ ಅವರು ಬೀದಿ ದಾಟುವುದಕ್ಕೆ ಬೇಕಾದ ಸಮಯ ಅಷ್ಟೇ. ಪೊಲೀಸರು ಇದರ ಬಗ್ಗೆ ವರ್ಷ ವರ್ಷವೂ ಎಚ್ಚರಿಸುತ್ತಾರೆ, ಪತ್ರಿಕೆಯಲ್ಲಿ ವರ್ಷ ವರ್ಷವೂ ಸುದ್ದಿ ಬರುತ್ತದೆ. ನನ್ನ ಓರಗಿತ್ತಿ ದಿನಾ ಪತ್ರಿಕೆ ಓದುವವಳೇ. "ಗೊತ್ತಿತ್ತು ಅಕ್ಕಾ, ಆದರೆ ದೀಪ ತೊಳೆದುಕೊಟ್ಟ ಮೇಲೆ ಬೇಡ ಎನ್ನುವುದು ಹೇಗೆ?" ಎಂದು ಅತ್ತಳು.

ಆ ಒಂದು ಮಾತಿನಲ್ಲಿ ಎಲ್ಲವೂ ಇದೆ. ನಾನು ಮೈಸೂರಿನ ಈ ಮನೆಗೆ ಬಂದು ನಲವತ್ತು ವರ್ಷ ದಾಟಿತು. ನಾನು ಕಂಡಂತೆ ಮನೆಯ ಅತಿ ದುರ್ಬಲ ಚಿಲಕ ನಮ್ಮ ದಾಕ್ಷಿಣ್ಯ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ತಾವಿಲ್ಲ ಎಂದು ನಮ್ಮ ಅಜ್ಜಿಯರು ಸಂಕೋಚವಿಲ್ಲದೆ ಹೇಳುತ್ತಿದ್ದರು. ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಮಾತನಾಡಿದರೆ ಏನೆಂದುಕೊಂಡಾರು ಎಂಬ ಅಳುಕು ನಮ್ಮ ರಕ್ತದಲ್ಲೇ ಇದೆ. ಕಳ್ಳನಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು.

ಹಾಗೆಂದು ಬಂದವರನ್ನೆಲ್ಲ ಗದರಿಸಿ ಅಟ್ಟಿ ಎಂದು ನಾನು ಹೇಳುವುದಿಲ್ಲ. ಬಿಸಿಲಲ್ಲಿ ಪಾರ್ಸೆಲ್ ಹೊತ್ತು ಬರುವ ಹುಡುಗ ಯಾರದೋ ಮನೆಯ ಮಗ. ನಮ್ಮ ಮನೆಯಲ್ಲಿ ಮರದ ಬಾಗಿಲಿನ ಮುಂದೆ ಒಂದು ಕಬ್ಬಿಣದ ಗ್ರಿಲ್ ಬಾಗಿಲಿದೆ. ಹಗಲು ಮರದ ಬಾಗಿಲು ತೆರೆದಿದ್ದರೂ ಗ್ರಿಲ್‌ಗೆ ಬೀಗ ಇದ್ದೇ ಇರುತ್ತದೆ. ಅದರಲ್ಲಿ ಕೈಯೆತ್ತರಕ್ಕೆ, ಒಂದು ಲೋಟ ತೂರುವಷ್ಟು ಕಿಂಡಿ ಬಿಡಿಸಿದ್ದೇನೆ. ನೀರು, ಬೆಲ್ಲದ ಚೂರು, ಪಾರ್ಸೆಲ್‌ನ ಸಹಿ, ಪತ್ರಿಕೆಯವನ ಹಣ ಎಲ್ಲವೂ ಆ ಕಿಂಡಿಯಿಂದಲೇ. ನೀರು ಕೇಳಿದವರಿಗೆ ಇಲ್ಲ ಎಂದ ಪಾಪವೂ ಇಲ್ಲ, ತರಲು ಒಳಗೆ ತಿರುಗಿದಾಗ ಬೆನ್ನ ಹಿಂದೆ ಯಾರು ಬಂದರೋ ಎಂಬ ಭಯವೂ ಇಲ್ಲ. ಕಿಂಡಿ ಮಾಡಿಸುವಾಗ ಒಂದು ಎಚ್ಚರ ಬೇಕು: ಅಲ್ಲಿಂದ ಕೈ ಹಾಕಿದರೆ ಬೀಗವಾಗಲಿ ಚಿಲಕವಾಗಲಿ ಎಟುಕಬಾರದು. ಕೊಡುವಾಗ ನೀವೂ ಒಂದು ತೋಳಿನಷ್ಟು ಹಿಂದೆ ನಿಂತೇ ಕೈ ಚಾಚಿ. ಕೊರಳಿನ ಸರ ಕಿಂಡಿಗೆ ಎಟುಕುವಂತಿರಬಾರದು.

ಹೊರಗೆ ನಿಂತವರನ್ನು ಒಳಗಿನಿಂದಲೇ ನೋಡಲು ಬಾಗಿಲಲ್ಲೇ ಕೂಡಿಸುವ ಗಾಜಿನ ಕಿರುಕಿಂಡಿ, ಮ್ಯಾಜಿಕ್ ಐ, ಕೂಡ ಒಳ್ಳೆಯದೇ. ನಮ್ಮ ಬಡಗಿ ಆರಡಿ ಆಳು. ತನ್ನ ಕಣ್ಣಿನ ಮಟ್ಟಕ್ಕೆ ಕೊರೆದು ಹೋದ. ಎರಡು ವರ್ಷ ನಾನು ಮಣೆ ಹತ್ತಿ ನೋಡುತ್ತಿದ್ದೆ, ಒಮ್ಮೆ ಜಾರಿ ಬಿದ್ದೆ ಕೂಡ. ಮನೆಯಲ್ಲಿ ಅತಿ ಗಿಡ್ಡಗಿರುವವರನ್ನು ನಿಲ್ಲಿಸಿ ಗುರುತು ಹಾಕಿಸಿ.

ಇನ್ನು ಬರುವವರ ವಿಚಾರ. ವಿದ್ಯುತ್ ಮೀಟರ್ ಓದುವವನಿಗೆ ಮನೆಯೊಳಗೆ ಕೆಲಸವಿಲ್ಲ. ಮೀಟರ್ ಇರುವುದು ಹೊರಗೆ, ಓದಿ ಬಿಲ್ಲು ಕೊಟ್ಟು ಹೋಗುತ್ತಾನೆ. ನಿಮ್ಮ ಬಾಕಿ ಇದೆ, ಈಗಲೇ ಕೊಡಿ, ಇಲ್ಲದಿದ್ದರೆ ಕನೆಕ್ಷನ್ ಕಿತ್ತುಹಾಕುತ್ತೇನೆ ಎಂದು ಅವಸರ ಮಾಡಿದರೆ ಅನುಮಾನಪಡಿ. ಸಿಲಿಂಡರ್ ಬುಕ್ ಮಾಡಿದಾಗ ಮೊಬೈಲಿಗೆ ಒಂದು ಸಂಖ್ಯೆ ಬರುತ್ತದೆ. ಸಿಲಿಂಡರ್ ಕೈಸೇರಿದಾಗ ಮಾತ್ರ ಅದನ್ನು ಹೇಳಬೇಕು. ಗ್ಯಾಸ್ ತಪಾಸಣೆ, ಪೈಪ್ ಬದಲಾವಣೆ ಎಂದು ಬಂದವನ ಗುರುತಿನ ಚೀಟಿ ನೋಡಿ, ಆದರೆ ಅಷ್ಟಕ್ಕೇ ನಂಬಬೇಡಿ; ಈಗ ಚೀಟಿ ಮಾಡಿಸುವುದು ಬೀದಿ ಮೂಲೆಯ ಜೆರಾಕ್ಸ್ ಅಂಗಡಿಯ ಕೆಲಸ. ನಿಮ್ಮ ಗ್ಯಾಸ್ ಪುಸ್ತಕದಲ್ಲಿರುವ ಏಜೆನ್ಸಿಯ ನಂಬರಿಗೆ ಕರೆ ಮಾಡಿ ಕೇಳಿ. ಅವನೇ ಕೊಟ್ಟ ನಂಬರಿಗೆ ಕರೆ ಮಾಡಿದರೆ ಅತ್ತ ಕಡೆ ಎತ್ತುವವನು ಅವನ ಜೊತೆಗಾರನೇ ಇರಬಹುದು. ನಿಜವಾದ ಕೆಲಸದವನು ಐದು ನಿಮಿಷ ಕಾಯುತ್ತಾನೆ, ಗೊಣಗಿದರೂ ಕಾಯುತ್ತಾನೆ. ಸುಳ್ಳನಿಗೆ ಇನ್ನೆಲ್ಲೋ ತುರ್ತು ಕೆಲಸ ನೆನಪಾಗುತ್ತದೆ.

ಎಲ್ಲರಿಗಿಂತ ಅಪಾಯಕಾರಿ ನಮ್ಮವರ ಹೆಸರು ಹಿಡಿದು ಬರುವವನು. "ನಿಮ್ಮ ಮಗ ಕಳಿಸಿದರು, ಟಿವಿ ರಿಪೇರಿಗೆ ತರಲು ಹೇಳಿದರು" ಎನ್ನುತ್ತಾನೆ. ಮಗನ ಹೆಸರು ಅವನಿಗೆ ಗೊತ್ತಿರುವುದು ದೊಡ್ಡ ವಿಷಯವಲ್ಲ. ಗೇಟಿನ ಫಲಕದ ಮೇಲೆ ನಾವೇ ಬರೆಸಿರುತ್ತೇವೆ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿದ್ದು ನಡುವಯಸ್ಸಿನವರಿಗೆ ನೆನಪಿರುತ್ತದೆ. ಒಂದು ಹೆಣ್ಣು ದೆವ್ವ ರಾತ್ರಿ ಮನೆಯವರ ದನಿಯಲ್ಲೇ ಕೂಗುತ್ತದೆ, ಓಗೊಟ್ಟು ಬಾಗಿಲು ತೆರೆದರೆ ಕಥೆ ಮುಗಿಯಿತು, ಬರಹ ಓದಿದರೆ ಹಿಂದೆ ಹೋಗಿ ಮರುದಿನ ಬರುತ್ತದೆ, ಮತ್ತೆ ಅದನ್ನೇ ಓದುತ್ತದೆ ಎಂದು ಸುದ್ದಿ. ಮಕ್ಕಳು ಹೆದರಿ ನಿದ್ದೆ ಮಾಡದಿದ್ದಾಗ ನಾನೂ ಸುಣ್ಣದ ಕಡ್ಡಿಯಿಂದ ಬರೆದೆ. ದೆವ್ವದ ಮಾತು ಹಾಗಿರಲಿ, ಆ ಕಥೆ ಕಟ್ಟಿದವರು ಬುದ್ಧಿವಂತರು: ಪರಿಚಿತ ದನಿ ಕೇಳಿದ ಕೂಡಲೇ ತೆರೆಯಬೇಡ ಎಂದರು, ಜಗಳವಾಡದೆ ಸಾಗಹಾಕುವ ಮಾತನ್ನೂ ಕೊಟ್ಟರು. ನಾನು ಇಂದಿಗೂ ಅದನ್ನೇ ಬಳಸುತ್ತೇನೆ. "ಈಗ ಆಗುವುದಿಲ್ಲ, ನಾಳೆ ಬನ್ನಿ, ಮನೆಯವರು ಇರುತ್ತಾರೆ." ಇದಕ್ಕೆ ಎದುರು ಮಾತಿಲ್ಲ. ಒಬ್ಬರೇ ಇರುವಾಗ ಒಬ್ಬಳೇ ಇದ್ದೇನೆ ಎಂದು ಬಾಯಿ ತಪ್ಪಿಯೂ ಹೇಳಬೇಡಿ. "ರೀ, ಯಾರೋ ಬಂದಿದ್ದಾರೆ ನೋಡಿ" ಎಂದು ಒಳಗೆ ಕೂಗಿ. ನಮ್ಮ ಯಜಮಾನರು ಹೋಗಿ ಆರು ವರ್ಷವಾಯಿತು, ನಾನು ಈಗಲೂ ಕೂಗುತ್ತೇನೆ.

ಬೆಳಗಿನ ಜಾವ ಅಂಗಳ ಗುಡಿಸಿ ರಂಗೋಲಿ ಹಾಕುವ ಹೆಣ್ಣುಮಕ್ಕಳಿಗೆ ಒಂದು ಮಾತು. ಬಗ್ಗಿದಾಗ ಸರ ಮುಂದೆ ಜೋತುಬೀಳುತ್ತದೆ, ಬೀದಿಯಲ್ಲಿ ಜನವಿರುವುದಿಲ್ಲ, ಬೈಕಿನವನು ವಿಳಾಸ ಕೇಳುವ ನೆಪದಲ್ಲಿ ಹತ್ತಿರ ಬರುತ್ತಾನೆ. ಸರವನ್ನು ರವಿಕೆಯೊಳಗೆ ಸೇರಿಸಿ ಸೆರಗನ್ನು ಸುತ್ತಿಕೊಳ್ಳಿ, ಬೀದಿಗೆ ಬೆನ್ನು ಹಾಕಿ ಕೂರಬೇಡಿ. ವಿಳಾಸ ಕೇಳಿದರೆ ಕುಳಿತಲ್ಲೇ ಗೊತ್ತಿಲ್ಲ ಎನ್ನಿ.

ರಾತ್ರಿಯ ವಿಷಯಕ್ಕೆ ಬರೋಣ. ಮುಂಬಾಗಿಲಿಗೆ ತೇಗ, ಹಿತ್ತಾಳೆ ಹಿಡಿ, ದುಬಾರಿ ಬೀಗ. ಹಿತ್ತಿಲ ಬಾಗಿಲಿಗೆ ಮಾತ್ರ ಮಳೆಗೆ ಉಬ್ಬಿದ ತೆಳು ಹಲಗೆ, ಕಿರುಬೆರಳಿನಷ್ಟು ಚಿಲಕ. ಹೊಸ ಮನೆ ಕಟ್ಟುವವರೆಲ್ಲ ಹೀಗೇ ಮಾಡುತ್ತಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಹಳೆಯ ಮನೆಗಳಲ್ಲಿ ಹಿಂಬಾಗಿಲಿಗೆ ಗೋಡೆಯಿಂದ ಗೋಡೆಗೆ ಅಡ್ಡ ಹಾಕುವ ಅಗುಳಿ ಇರುತ್ತಿತ್ತು. ಚಿಲಕ ಕಿತ್ತುಬಂದರೂ ಅಗುಳಿ ಬಿಡುತ್ತಿರಲಿಲ್ಲ. ಈಗಲೂ ಚೌಕಟ್ಟಿನ ಎರಡು ಕಡೆ ಕೊಕ್ಕೆ ಕೂಡಿಸಿ ಕಬ್ಬಿಣದ ಪಟ್ಟಿ ಅಡ್ಡ ಹಾಕುವುದು ವೆಲ್ಡಿಂಗ್ ಅಂಗಡಿಯವನಿಗೆ ಅರ್ಧ ದಿನದ ಕೆಲಸ. ಹೊರಗಿನಿಂದ ಬೀಗ ಹಾಕುವ ಬಾಗಿಲಾದರೆ ಬೀಗದ ಗಾತ್ರ ನೋಡುವ ಮುನ್ನ ಕೊಂಡಿಯ ಸ್ಕ್ರೂ ನೋಡಿ. ಸ್ಕ್ರೂ ತಲೆ ಹೊರಗೆ ಕಾಣುತ್ತಿದ್ದರೆ ಏಳು ಲಿವರಿನ ಬೀಗ ತಂದರೂ ವ್ಯರ್ಥ. ಬೀಗ ಮುಟ್ಟದೆ ಕೊಂಡಿಯನ್ನೇ ಬಿಚ್ಚುತ್ತಾರೆ. ಹಲಗೆಯ ಆಚೆಗೆ ತೂರಿಬರುವ ಬೋಲ್ಟ್ ಹಾಕಿಸಿ, ನಟ್ಟು ಒಳಗಡೆ ಬರಲಿ. ಮಹಡಿಯ ಮೆಟ್ಟಿಲ ಬಾಗಿಲು ಮರೆಯಬೇಡಿ, ಏಣಿಯನ್ನು ಹಿತ್ತಿಲಲ್ಲಿ ಒರಗಿಸಿ ಬಿಡಬೇಡಿ.

ಬೇಸಿಗೆಯಲ್ಲಿ ಕಿಟಕಿ ತೆರೆದು ಮಲಗುತ್ತೇವೆ. ಸರಳಿದೆಯಲ್ಲ ಎಂಬ ಧೈರ್ಯ. ಉದ್ದನೆಯ ಕೋಲಿನ ತುದಿಗೆ ಕೊಕ್ಕೆ ಕಟ್ಟಿ, ಗೂಟಕ್ಕೆ ನೇತುಹಾಕಿದ ಪ್ಯಾಂಟನ್ನು ಕಿಟಕಿವರೆಗೆ ಎಳೆದು ಜೇಬು ಬರಿದು ಮಾಡಿ, ಪ್ಯಾಂಟನ್ನು ಅಲ್ಲೇ ಬಿಟ್ಟು ಹೋದದ್ದನ್ನು ನಾನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಪರ್ಸು, ಮೊಬೈಲ್, ಬೀಗದ ಕೈ, ವ್ಯಾನಿಟಿ ಬ್ಯಾಗ್ ಕಿಟಕಿಯಿಂದ ಕೋಲಿನಳತೆಗಿಂತ ದೂರ ಇರಲಿ. ಬಾಗಿಲಿನ ಪಕ್ಕದಲ್ಲೇ ಕಿಟಕಿ ಇದ್ದರೆ ಹೊರಗೆ ನಿಂತು ಒಮ್ಮೆ ಕೈ ಹಾಕಿ ನೋಡಿ, ಒಳಚಿಲಕ ಸಿಗುತ್ತದೆಯೇ ಎಂದು. ಸಿಕ್ಕರೆ ಆ ಕಿಟಕಿಗೆ ಜಾಲರಿ ಬೇಕು.

ರಾತ್ರಿ ಹೊರಗೆ ಸದ್ದಾದರೆ ನಮ್ಮ ಗಂಡಸರಿಗೆ ಎಲ್ಲಿಂದಲೋ ಪೌರುಷ ಬರುತ್ತದೆ, ಪಂಚೆ ಎತ್ತಿ ಕಟ್ಟಿ ಬಾಗಿಲು ತೆರೆದುಬಿಡುತ್ತಾರೆ. ಬೇಡ. ನಲ್ಲಿ ಸುರಿಯಲಿ, ಮಗು ಅತ್ತಂತೆ ಕೇಳಲಿ, ಬಾಗಿಲು ತೆರೆಯದೆ ಮೊದಲು ಹೊರಗಿನ ದೀಪ ಹಾಕಿ. ಅದರ ಸ್ವಿಚ್ ಮಲಗುವ ಕೋಣೆಯಲ್ಲೂ ಇರಬೇಕು. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಮಾಡಿಸಿ, ಕ್ಯಾಮೆರಾಗಿಂತ ಮೊದಲು ಆ ಖರ್ಚು. ಇದ್ದಕ್ಕಿದ್ದಂತೆ ಕರೆಂಟ್ ಹೋದರೆ ಫ್ಯೂಸ್ ನೋಡಲು ಹೊರಗೆ ಓಡಬೇಡಿ. ಕಿಟಕಿಯಿಂದ ಪಕ್ಕದ ಮನೆ ನೋಡಿ. ಅವರಲ್ಲಿ ದೀಪವಿದ್ದು ನಿಮ್ಮಲ್ಲಿ ಮಾತ್ರ ಕತ್ತಲಿದ್ದರೆ, ಹೊರಗಿನ ಮೀಟರ್ ಪೆಟ್ಟಿಗೆಯ ಹತ್ತಿರ ಯಾರೋ ನಿಮ್ಮನ್ನೇ ಕಾಯುತ್ತಿರಬಹುದು. ಬೆಳಗಾಗುವವರೆಗೆ ಸೆಕೆಯಲ್ಲಿ ಹೊರಳಾಡಿದರೆ ಪ್ರಾಣ ಹೋಗುವುದಿಲ್ಲ.

ನನ್ನ ಹಾಸಿಗೆಯ ಪಕ್ಕ ದೇವರ ಮನೆಯ ಹಳೆಯ ಜಾಗಟೆ ಇದೆ. ನಗಬೇಡಿ. ನಡುರಾತ್ರಿ ಜಾಗಟೆ ಬಾರಿಸಿದರೆ ಏಳದವರಿಲ್ಲ, ಅದಕ್ಕೆ ಕರೆಂಟ್ ಬೇಡ, ಬ್ಯಾಟರಿ ಬೇಡ. ಜಾಗಟೆ ಕೇಳಿದರೆ ಹೊರಗೆ ಬಾರದೆ ಮೊದಲು ದೀಪ ಹಾಕಿ ಎಂದು ಅಕ್ಕಪಕ್ಕದ ನಾಲ್ಕು ಮನೆಗಳೊಂದಿಗೆ ಮಾತಾಗಿದೆ. ಇದುವರೆಗೆ ಒಮ್ಮೆ ಬಾರಿಸಿದ್ದೇನೆ; ಬೆಕ್ಕು. ಬೀದಿಯವರು ತಿಂಗಳುಗಟ್ಟಲೆ ಆಡಿಕೊಂಡು ನಕ್ಕರು, ಆದರೆ ಅಂದು ಎರಡು ನಿಮಿಷದಲ್ಲಿ ನಾಲ್ಕೂ ಮನೆಗಳಲ್ಲಿ ದೀಪ ಹೊತ್ತಿತ್ತು. ಜಾಗಟೆಯ ಜೊತೆಗೆ 112ಕ್ಕೆ ಕರೆ. ಆ ಹೊತ್ತಿನಲ್ಲಿ ಸ್ವಂತ ವಿಳಾಸವೂ ಮರೆಯುತ್ತದೆ, ಆದ್ದರಿಂದ ಮನೆ ನಂಬರು, ಅಡ್ಡರಸ್ತೆ, ಹತ್ತಿರದ ದೇವಸ್ಥಾನ ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಬಳಿ ಅಂಟಿಸಿದ್ದೇನೆ. ಕಳ್ಳ ಒಳಗೇ ಬಂದಿದ್ದರೆ ಕೋಣೆಯ ಚಿಲಕ ಹಾಕಿಕೊಂಡು ಕೂರಿ. ಎದುರಾಬದುರಾ ಆದರೆ ಕೇಳಿದ್ದು ಕೊಟ್ಟುಬಿಡಿ.

ಊರಿಗೆ ಹೋಗುವಾಗ ನಮ್ಮ ಮನೆಗಳು ತಾವೇ ಚಾಡಿ ಹೇಳುತ್ತವೆ. ಗೇಟಿನಲ್ಲಿ ಮೂರು ದಿನದ ಪತ್ರಿಕೆ, ಹಾಲಿನ ಚೀಲ, ಹಗಲಲ್ಲೂ ಉರಿಯುವ ಜಗುಲಿಯ ದೀಪ. ಎಲ್ಲಕ್ಕಿಂತ ಮೊದಲು ರಂಗೋಲಿ: ಬೀದಿಯ ಎಲ್ಲ ಮನೆಗಳ ಮುಂದೆ ಹೊಸ ಎಳೆ ಇದ್ದು ನಿಮ್ಮದು ಮಾತ್ರ ಮಾಸಿದ್ದರೆ, ಮೂರು ದಿನದಿಂದ ಯಾರೂ ಇಲ್ಲ ಎಂದು ಬರೆದು ಹಾಕಿದಂತೆಯೇ. ಪಕ್ಕದ ಮನೆಯವಳಿಗೆ ಹೇಳಿ ಒಂದು ಚುಕ್ಕಿ ರಂಗೋಲಿ ಹಾಕಿಸಿ, ನೀವೂ ಅವಳಿಗೆ ಹಾಗೇ ಮಾಡಿ. ಠಾಣೆಗೆ ತಿಳಿಸಿ ಹೋದರೆ ಗಸ್ತಿನವರು ಮನೆಯ ಕಡೆ ಒಂದು ಕಣ್ಣಿಡುತ್ತಾರೆ. ಪ್ರವಾಸದ ಫೋಟೋವನ್ನು ವಾಪಸು ಬಂದ ಮೇಲೆ ಸ್ಟೇಟಸ್ ಹಾಕಿದರೆ ಅದರ ಬಣ್ಣವೇನೂ ಮಾಸುವುದಿಲ್ಲ. ಬೀಗದ ಕೈಯನ್ನು ತುಳಸಿ ಕಟ್ಟೆಯಲ್ಲಿ, ಚಪ್ಪಲಿ ಗೂಡಿನಲ್ಲಿ, ಮೀಟರ್ ಪೆಟ್ಟಿಗೆಯಲ್ಲಿ ಇಡುವವರು ಇನ್ನೂ ಇದ್ದಾರೆ. ಕಳ್ಳ ಮೊದಲು ಹುಡುಕುವುದೇ ಆ ಮೂರು ಕಡೆ.

ಅಷ್ಟಾಗಿಯೂ ಕಳವಾದರೆ ಕಸಬರಿಗೆ ಮುಟ್ಟಬೇಡಿ. ಬೀರು ಹರಡಿ ಬಿದ್ದಿದ್ದರೆ ಹಾಗೇ ಇರಲಿ; ಬೆರಳಚ್ಚಿನವರು ಬರುವ ಮುನ್ನ ಮನೆ ಒರೆಸಿ ಚೊಕ್ಕಟ ಮಾಡಿದ ಮಹಾತಾಯಂದಿರನ್ನು ನಾನು ಬಲ್ಲೆ. ಒಡವೆ ಮರಳಿ ಸಿಕ್ಕಾಗ ಇದು ನಮ್ಮದೇ ಎಂದು ತೋರಿಸಲು ಬಿಲ್ಲು, ತೂಕದ ಚೀಟಿ, ತೊಟ್ಟುಕೊಂಡ ಫೋಟೋ ಬೇಕಾಗುತ್ತವೆ. ನನ್ನ ಓರಗಿತ್ತಿ ಅವನ್ನೆಲ್ಲ ಒಡವೆಯ ಪೆಟ್ಟಿಗೆಯಲ್ಲೇ ಇಟ್ಟಿದ್ದಳು. ಈಗ ಬೇರೆ ಕಡೆ ಇಟ್ಟಿದ್ದಾಳೆ, ನಾನೂ ಇಟ್ಟಿದ್ದೇನೆ. ಎಲ್ಲಿ ಎಂದು ಮಾತ್ರ ಇಲ್ಲಿ ಬರೆಯಲಾರೆ.