ಟೈಟಾನಿಯಂ ಮೇಲಿನ ಮೂಳೆಲೇಪ ಗಟ್ಟಿಯಾಗಿ ಕೂರಬೇಕಾದರೆ

ಹಾಸನದ ಒಂದು ಕಾಲೇಜಿನ ಲ್ಯಾಬಿನಲ್ಲಿ ಟೈಟಾನಿಯಂ ಬಿಲ್ಲೆಗಳಿಗೆ ಹೈಡ್ರಾಕ್ಸಿಅಪಟೈಟ್ ಲೇಪ ಹಾಕುವ ಕೆಲಸ ನನ್ನದು. ನಮ್ಮ ಮೂಳೆಯಲ್ಲಿರುವ ಖನಿಜಕ್ಕೆ ಇದು ತುಂಬಾ ಹತ್ತಿರ. ಸೊಂಟದ ಕೀಲು ಬದಲಿಸುವಾಗ ಕೂರಿಸುವ ಲೋಹಕ್ಕೆ ಈ ಲೇಪ ಇದ್ದರೆ ಮೂಳೆ ಬೇಗ ಬೆಳೆದು ಹಿಡಿದುಕೊಳ್ಳುತ್ತದೆ. ಆದರೆ ಮೂಳೆ ಹಿಡಿಯುವುದು ಲೇಪವನ್ನು. ಲೇಪವೇ ಲೋಹದಿಂದ ಎದ್ದು ಬಂದರೆ ಎಲ್ಲ ವ್ಯರ್ಥ ಅಲ್ವಾ?

ಲೇಪಕ್ಕೆ ಬೇಕಾದ ಹೈಡ್ರಾಕ್ಸಿಅಪಟೈಟ್ ಪುಡಿಯನ್ನು ತಯಾರಿಸಿದ್ದು ಮೊಟ್ಟೆ ಚಿಪ್ಪಿನಿಂದ. ಹಾಸನದವರ ಅಯ್ಯಂಗಾರ್ ಬೇಕರಿಗಳು ಮೊಟ್ಟೆ ಹಾಕದ ತಿನಿಸಿಗೆ ಹೆಸರಾದವು, ಅಲ್ಲಿ ಕೇಳಿ ಪ್ರಯೋಜನವಿಲ್ಲ. ಎಗ್ ರೈಸ್ ಗಾಡಿಯವರು ಕವರ್ ತುಂಬ ಕೊಟ್ಟರು. "ಗುಲಾಬಿ ಗಿಡಕ್ಕಾ ಅಕ್ಕ?" ಎಂದರು. "ಇಲ್ಲ ಅಣ್ಣ, ಮೂಳೆಗೆ" ಎಂದೆ. ಚಿಪ್ಪನ್ನು 900 ಡಿಗ್ರಿಯಲ್ಲಿ ಸುಟ್ಟರೆ ಸುಣ್ಣ. ಅದನ್ನು ನೀರಿನಲ್ಲಿ ಕದಡಿ ಫಾಸ್ಫಾರಿಕ್ ಆಸಿಡ್ ಹನಿ ಹನಿಯಾಗಿ ಬಿಡಬೇಕು. ಒಂದು ಫಾಸ್ಫರಸ್ ಪರಮಾಣುವಿಗೆ 1.67 ಕ್ಯಾಲ್ಸಿಯಂ ಪರಮಾಣುವಿನ ಲೆಕ್ಕ ಇರಬೇಕು. ದ್ರಾವಣ ಕ್ಷಾರವಾಗಿಯೇ ಇರಬೇಕು, ಇಲ್ಲದಿದ್ದರೆ ಬೇರೆ ಯಾವುದೋ ಫಾಸ್ಫೇಟ್ ಆಗಿಬಿಡುತ್ತದೆ.

ಪುಡಿಗಿಂತ ಲೋಹದ ಮೈಗೇ ನಾನು ಜಾಸ್ತಿ ಸಮಯ ಕೊಡುತ್ತೇನೆ. ಗಾರೆಯವರು ನುಣುಪು ಗೋಡೆಗೆ ಮೊದಲು ಕಚ್ಚು ಹೊಡೆದು ಆಮೇಲೆ ಗಿಲಾವು ಹಾಕುತ್ತಾರಲ್ಲ, ಇಲ್ಲೂ ಅದೇ. ಬಿ.ಎಂ. ರಸ್ತೆ ಕಡೆಯ ವರ್ಕ್‌ಶಾಪಿನಲ್ಲಿ ಬ್ಲಾಸ್ಟಿಂಗ್ ಮಾಡಿಸಿ, ಅಂದರೆ ಅಲ್ಯುಮಿನಾ ಹರಳನ್ನು ಜೋರಾಗಿ ಎರಚಿಸಿ ಮೈ ಒರಟು ಮಾಡಿಸಿ, ಅಸಿಟೋನಿನಲ್ಲಿ ತೊಳೆಯುತ್ತೇನೆ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ನಂತರ ಜಪಾನಿನ ಸಂಶೋಧಕ ಕೊಕುಬೊ ಅವರ ತಂಡ 1990ರ ದಶಕದಲ್ಲಿ ತೋರಿಸಿದ ದಾರಿ: ಲೀಟರಿಗೆ 200 ಗ್ರಾಂ ಕಾಸ್ಟಿಕ್ ಸೋಡಾ, 60 ಡಿಗ್ರಿ, 24 ಗಂಟೆ. ಗಾಜಿನ ಪಾತ್ರೆ ಬೇಡ, ಕಾಸ್ಟಿಕ್ ಅದನ್ನೂ ತಿನ್ನುತ್ತದೆ. ತೊಳೆದು 600 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಮೈಮೇಲೆ ಬಲೆಯಂಥ ಸೋಡಿಯಂ ಟೈಟನೇಟ್ ಪದರ ಕೂರುತ್ತದೆ. ಪುಡಿಗೆ ಹಿಡಿತ ಸಿಗುವುದು ಅಲ್ಲಿ.

ಲೇಪಕ್ಕೆ ಕರೆಂಟ್ ಬಳಸುತ್ತೇನೆ. ಪುಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೇಲಿಸಿ, ಬಿಲ್ಲೆಯನ್ನು ನೆಗೆಟಿವ್ ತಂತಿಗೆ ಸಿಕ್ಕಿಸಿ 30 ವೋಲ್ಟ್ ಕೊಟ್ಟರೆ ಸಾಕು, ಪುಡಿ ಬಿಲ್ಲೆಗೆ ಬಂದು ಕೂರುತ್ತದೆ. ಆಲ್ಕೋಹಾಲಿನ ಬದಲು ನೀರು ಬಳಸಿದರೆ ಗುಳ್ಳೆ ಎದ್ದು ಲೇಪ ತೂತಾಗುತ್ತದೆ. ದಪ್ಪ ಮಾಡುವ ಆಸೆ ಬೇಡ, ದಪ್ಪಗಿದ್ದದ್ದು ಒಣಗುವಾಗಲೇ ಸೀಳುತ್ತದೆ. ಮುಚ್ಚಳ ಮುಚ್ಚಿ ನಿಧಾನ ಒಣಗಿಸಿ.

ಆಮೇಲೆ ಪುಡಿ ಗಟ್ಟಿಯಾಗಲು ಆರ್ಗಾನ್ ಅನಿಲದಲ್ಲಿ 800 ಡಿಗ್ರಿಗೆ ಕಾಯಿಸುವುದು. ಗಾಳಿಯಲ್ಲಿ ಕಾಯಿಸಿದರೆ ಟೈಟಾನಿಯಂ ಮೇಲೆ ದಪ್ಪ ಆಕ್ಸೈಡ್ ಬೆಳೆದು, ಅದೇ ಹಕ್ಕಳೆಯಾಗಿ ಏಳುತ್ತದೆ. ನಿಜವಾದ ಪರೀಕ್ಷೆ ತಣಿಯುವಾಗ. ಬಿಸಿಗೆ ಹಿಗ್ಗುವುದರಲ್ಲಿ ಹೈಡ್ರಾಕ್ಸಿಅಪಟೈಟ್ ಟೈಟಾನಿಯಂಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. ತಣಿಯುವಾಗ ಲೇಪ ಜಾಸ್ತಿ ಕುಗ್ಗಲು ನೋಡುತ್ತದೆ, ಲೋಹ ಬಿಡುವುದಿಲ್ಲ. ಆ ಎಳೆತಕ್ಕೆ ಬಿರುಕು. ಹಾಗಾಗಿ ಫರ್ನೇಸ್ ತಾನಾಗಿ ತಣಿಯಲಿ. ನಡುವೆ ಕರೆಂಟ್ ಹೋದರೂ ಬಾಗಿಲು ತೆಗೆಯಬೇಡಿ, ಸಿಲಿಂಡರ್ ಮುಚ್ಚಬೇಡಿ.

ಅಂಟಿದ್ದನ್ನು ಅಳೆಯುವುದು ಎಳೆದು ನೋಡಿ. ಲೇಪದ ಮೇಲೆ ಇನ್ನೊಂದು ಲೋಹದ ತುಂಡನ್ನು ಎಪಾಕ್ಸಿ ಅಂಟಿನಿಂದ ಕೂರಿಸಿ, ವಸ್ತುಗಳ ಬಲ ಅಳೆಯುವ ಯುಟಿಎಂ ಯಂತ್ರದಲ್ಲಿ ಎರಡನ್ನೂ ಎಳೆಯುತ್ತೇವೆ. ಇಂಥ ಲೇಪಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 13779 ಕೇಳುವುದು ಕನಿಷ್ಠ 15 ಮೆಗಾಪಾಸ್ಕಲ್. ಒಂದು ಇಂಚು ಅಗಲದ ಬಿಲ್ಲೆಗೆ ಅದು ಮುಕ್ಕಾಲು ಟನ್ ದಾಟುವ ಎಳೆತ.

ಬರೀ ಸಂಖ್ಯೆಯನ್ನು ನಾನು ನಂಬುವುದಿಲ್ಲ. ಕಿತ್ತ ಮೇಲೆ ಎರಡೂ ಮುಖ ತಿರುಗಿಸಿ ನೋಡುತ್ತೇನೆ. ಎರಡೂ ಕಡೆ ಬಿಳಿ ಇದ್ದರೆ ಸೀಳಿದ್ದು ಲೇಪದ ಒಳಗೆ. ಒಂದು ಕಡೆ ಬರೀ ಲೋಹ ಹೊಳೆದರೆ ಬುಡವೇ ಬಿಟ್ಟಿದೆ. ಎಪಾಕ್ಸಿ ಮಾತ್ರ ಕಿತ್ತು ಬಂದಿದ್ದರೆ ನಾವು ಅಳೆದದ್ದು ಅಂಟಿನ ಶಕ್ತಿ. ಇನ್ನೊಂದು ಮೋಸವೂ ಇದೆ. ನೀರಿನಂತೆ ತೆಳುವಾದ ಎಪಾಕ್ಸಿ ಲೇಪದ ತೂತುಗಳಲ್ಲಿ ಇಳಿದು ಲೋಹವನ್ನೇ ಹಿಡಿದುಬಿಟ್ಟರೆ ಸಂಖ್ಯೆ ಸುಮ್ನೆ ಏರುತ್ತದೆ. ಅದಕ್ಕೇ ಹಾಳೆಯಂತೆ ಬರುವ ಅಂಟು ವಾಸಿ.

ದೇಹದ ದ್ರವದಂತೆ ಮಾಡಿದ ಉಪ್ಪುನೀರಿನಲ್ಲಿ, 36.5 ಡಿಗ್ರಿಯಲ್ಲಿ, ಕೆಲವು ಬಿಲ್ಲೆಗಳನ್ನು ನೆನೆಸಿಟ್ಟೂ ಎಳೆಯುತ್ತೇನೆ. ನೆನೆದ ಲೇಪದ ಹಿಡಿತ ಸಡಿಲವಾಗುವುದು ಸಾಮಾನ್ಯ. ಒಣ ಬಿಲ್ಲೆಯ ಸಂಖ್ಯೆಯ ಪಕ್ಕದಲ್ಲೇ ಅದನ್ನೂ ಬರೆದಿಡುತ್ತೇನೆ.