ಪೂಜೆ ಮುಗಿದ ಮೇಲಿನ ಹತ್ತು ನಿಮಿಷ

ನಮ್ಮ ಚರ್ಚಿನಲ್ಲಿ ಮಾತು ಕೆಡುವುದು ಪೂಜೆ ಮುಗಿದ ಮೇಲೆ, ಅಂಗಳದಲ್ಲಿ ಜೀಪು ಕಾಯುವ ಹತ್ತು ನಿಮಿಷದಲ್ಲಿ. ಅದನ್ನು ತಡೆಯುವುದು ಹೇಗೆ ಅಂತ ನಾನು ಕಲಿತಿದ್ದು ನಾನೇ ಬಾಯಿ ಬಿಟ್ಟು ಕೆಟ್ಟ ಮೇಲೆ.

ಆಗ ಕಾಫಿ ಕೊಯ್ಲಿನ ಸಮಯ. ಹಾಡುವ ಗುಂಪಿನಲ್ಲಿದ್ದ, ತೋಟದ ಕೆಲಸಗಾರರ ಲೈನ್ ಮನೆಯ ಹುಡುಗಿ ಎರಡು ಭಾನುವಾರ ಬರಲಿಲ್ಲ. "ಅವಳಿಗೋಸ್ಕರ ಪ್ರಾರ್ಥನೆ ಮಾಡಿ, ಏನೋ ಸರಿ ಇಲ್ಲ ಅನ್ಸುತ್ತೆ" ಅಂದೆ. ಮೂರನೇ ಭಾನುವಾರದ ಹೊತ್ತಿಗೆ ಜನರ ಬಾಯಲ್ಲಿ ಅವಳು ಯಾರ ಜೊತೆಗೋ ಓಡಿಹೋಗಿದ್ದಳು! ಪಾಪ, ಅಜ್ಜಿಯ ಕಣ್ಣಿನ ಆಪರೇಷನ್ ಅಂತ ಮೈಸೂರಿನಲ್ಲಿದ್ದಳು.

ಆದ್ದರಿಂದ ಮೊದಲನೆಯದು: ಪ್ರಾರ್ಥನೆಗೆ ಒಬ್ಬರ ಹೆಸರು ಹೇಳುವ ಮುಂಚೆ ಅವರನ್ನೇ ಕೇಳಿ. ಬೇಡ ಅಂದರೆ ಮನಸ್ಸಿನಲ್ಲೇ ಬೇಡಿಕೊಳ್ಳಿ. ದೇವರಿಗೆ ಮನೆ ಗೊತ್ತು.

ಯಾರಾದರೂ ಚಾಡಿ ಶುರು ಮಾಡಿದರೆ ಉಪದೇಶ ಬೇಡ. "ಅವರ ಹತ್ರಾನೇ ಕೇಳಿದ್ರಾ?" ಅನ್ನಿ, ಸುಮ್ನಿರಿ. ಮಾತು ಅಲ್ಲಿಗೇ ತಣ್ಣಗಾಗುತ್ತದೆ. ನಿಜವಾಗಿಯೂ ತಪ್ಪಾಗಿದ್ದರೆ ಬೈಬಲಿನ ಮತ್ತಾಯ 18ರಲ್ಲಿ ದಾರಿ ಇದೆ: ಮೊದಲು ಇಬ್ಬರೇ ಕೂತು ಮಾತು, ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗುವುದು, ಆಮೇಲೆ ಸಭೆಗೆ. ನಾವು ಕೊನೆಯಿಂದ ಶುರು ಮಾಡುತ್ತೇವೆ, ಅದೂ ವಾಟ್ಸಾಪಿನಲ್ಲಿ.

ಆದರೆ ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಈ ಮೆಟ್ಟಿಲು ಯಾವುದೂ ಬೇಡ. "ಚಾಡಿ ಹೇಳಬೇಡ" ಅಂತ ಯಾರ ಬಾಯನ್ನೂ ಮುಚ್ಚಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಲೈಂಗಿಕ ದೌರ್ಜನ್ಯವಾದರೆ ಪೊಲೀಸರಿಗೆ ತಿಳಿಸಲೇಬೇಕು, 2012ರ ಪೋಕ್ಸೋ ಕಾಯ್ದೆಯೇ ಹಾಗೆ ಹೇಳುತ್ತದೆ.

"ಲೈನ್ ಮನೆಯವರು ಅಲ್ವಾ", "ನಿನ್ನೆ ಮೊನ್ನೆ ಬಂದವರು" ಅನ್ನುವ ಮಾತು ಇನ್ನೂ ಕೆಟ್ಟದ್ದು. ನಗುನಗುತ್ತಾ ಹೇಳುತ್ತಾರೆ. ಅಂಥವರಿಗೆ ನಾನು ವಿರಾಜಪೇಟೆ ಚರ್ಚಿನ ಕಥೆ ನೆನಪಿಸುತ್ತೇನೆ. 1792ರಲ್ಲಿ ಅದು ಶುರುವಾಗಿದ್ದೇ ಟಿಪ್ಪು ಕಾಲದಲ್ಲಿ ಓಡಿಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟಿದ್ದರಿಂದ. ನಾವೂ ಬಂದವರೇ ಅಲ್ವಾ?

ಕ್ಷಮೆ ಕೇಳುವುದಿದ್ದರೆ ಫಾದರ್ ಹತ್ತಿರ ಪಾಪನಿವೇದನೆ ಮಾಡಿದರೆ ಸಾಲದು. ನಾನು ಲೈನ್ ಮನೆಗೆ ಹೋದೆ. ಹುಡುಗಿಯ ತಾಯಿ ಬೆಲ್ಲದ ಕಾಫಿ ಕೊಟ್ಟರು, ಮುಖ ನೋಡಲಿಲ್ಲ. ಲೋಟ ಖಾಲಿಯಾಗುವವರೆಗೂ ಯಾರೂ ಮಾತಾಡಲಿಲ್ಲ. ಆಮೇಲೆ, ಯಾರ ಯಾರ ಹತ್ತಿರ ಅಂದಿದ್ದೆನೋ ಆ ಐದೂ ಜನರ ಮನೆಗೆ ಹೋಗಿ "ನಾನು ಹೇಳಿದ್ದು ತಪ್ಪು" ಅಂದೆ. ಐದನೆಯವರು ಮೆಣಸು ಒಣಗಿಸುತ್ತಾ ಕೂತಿದ್ದರು. ತಲೆ ಎತ್ತಿ, "ಹೌದಾ? ಹಾಗಾದ್ರೆ ಓಡಿಹೋಗಿದ್ದು ಯಾರು?" ಅಂದರು.